ಕಾರ್ಡ್ ಉಜ್ಜಿ ನಗದು: ಮುನ್ನೂರು ರೂಪಾಯಿಗೆ ಅಂಗಡಿಯವರು ಹೊರುವ ಭಾರ

ಕ್ರೆಡಿಟ್ ಕಾರ್ಡ್ ಉಜ್ಜಿ ಅಂಗಡಿಯವರಿಂದ ನಗದು ಪಡೆಯುವುದು ನಮ್ಮ ಪೇಟೆಗಳಲ್ಲಿ ಈಗ ಗುಟ್ಟಿನ ವ್ಯವಹಾರವಾಗಿ ಉಳಿದಿಲ್ಲ. ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ, ಚಿಕ್ಕ ಚಿನ್ನದಂಗಡಿ, ಎಲ್ಲೆಲ್ಲಿ ಸ್ವೈಪಿಂಗ್ ಯಂತ್ರ ಇದೆಯೋ ಅಲ್ಲೆಲ್ಲ ಕೇಳುವವರಿದ್ದಾರೆ, ಕೊಡುವವರೂ ಇದ್ದಾರೆ. ನೂರಕ್ಕೆ ಎರಡೂವರೆ ಅಥವಾ ಮೂರು ರೂಪಾಯಿ ಎಂಬ ದರವೂ ಬಾಯಿಂದ ಬಾಯಿಗೆ ಹರಿದಿದೆ. ಆದರೆ ಕ್ರೆಡಿಟ್ ಕಾರ್ಡ್ ಮೂಲಕ ಅಂಗಡಿಯಲ್ಲಿ ನಗದು ಕೊಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಇನ್ನೊಂದೆಡೆ, ಡೆಬಿಟ್ ಕಾರ್ಡ್ ತೋರಿಸಿ ಅಂಗಡಿಯಿಂದಲೇ ಸ್ವಲ್ಪ ನಗದು ಪಡೆಯುವ ಕಾನೂನುಬದ್ಧ ಸೌಲಭ್ಯ 2009ರಿಂದಲೂ ಈ ದೇಶದಲ್ಲಿದೆ. ಅದನ್ನು ಕೇಳಿದರೆ ಹೆಚ್ಚಿನ ಅಂಗಡಿಯವರು ಹುಬ್ಬೇರಿಸುತ್ತಾರೆ. ಅನುಮತಿ ಇರುವುದು ಕಡತದಲ್ಲೇ ಉಳಿದು, ಅನುಮತಿ ಇಲ್ಲದ್ದು ಬೀದಿಗೆ ಬಂದದ್ದು ಹೇಗೆ ಎಂಬುದನ್ನು ನೋಡಲೇಬೇಕಾಗಿದೆ. ಏಕೆಂದರೆ ಇದರಲ್ಲಿ ಪೆಟ್ಟು ತಿನ್ನುವವರು ಬ್ಯಾಂಕುಗಳಲ್ಲ. ಸಂಬಳ ಸಾಕಾಗದ ನೌಕರರು ಮತ್ತು ಸಣ್ಣ ವ್ಯಾಪಾರಿಗಳು.

ಮೊದಲು ನಿಯಮ. 2009ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್, ಅಂಗಡಿಯ ಸ್ವೈಪಿಂಗ್ ಯಂತ್ರದಲ್ಲಿ ಡೆಬಿಟ್ ಕಾರ್ಡ್ ಬಳಸಿ ದಿನಕ್ಕೆ 1,000 ರೂಪಾಯಿವರೆಗೆ ನಗದು ಪಡೆಯಲು ಅವಕಾಶ ಕೊಟ್ಟಿತು. 2015ರಲ್ಲಿ 50,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಈ ಮಿತಿ 2,000 ರೂಪಾಯಿಗೆ ಏರಿತು. ಎಂದರೆ ದಾವಣಗೆರೆಯಲ್ಲಿ ಸಾವಿರ, ತೀರ್ಥಹಳ್ಳಿಯಲ್ಲಿ ಎರಡು ಸಾವಿರ. 2016ರ ನೋಟು ರದ್ದತಿಯ ದಿನಗಳಲ್ಲಿ ಎಲ್ಲ ಊರುಗಳಿಗೂ 2,000 ಎಂದಾಯಿತು. ಆಯ್ದ ಪೆಟ್ರೋಲ್ ಬಂಕ್‌ಗಳಲ್ಲಿ ಜನ ಸಾಲುಗಟ್ಟಿ ನಿಂತು ಡೆಬಿಟ್ ಕಾರ್ಡ್ ಉಜ್ಜಿ ನೋಟು ಪಡೆದದ್ದು ಹಲವರಿಗೆ ನೆನಪಿರಬಹುದು. ಬಿಕ್ಕಟ್ಟು ಕಳೆದ ಮೇಲೆ ಹಳೆಯ ಮಿತಿ ಮರಳಿ ಬಂತು. 2020ರ ಜನವರಿ 31ರ ಸುತ್ತೋಲೆ ಇವನ್ನೆಲ್ಲ ಒಂದೆಡೆ ಸೇರಿಸಿತು: ಡೆಬಿಟ್ ಕಾರ್ಡ್, ಬ್ಯಾಂಕ್ ಕೊಟ್ಟ ಪ್ರೀಪೇಯ್ಡ್ ಕಾರ್ಡ್, ಯುಪಿಐ, ಜನಧನ ಖಾತೆಯ ಓವರ್‌ಡ್ರಾಫ್ಟ್ ಕಾರ್ಡ್ ಇವುಗಳಲ್ಲಿ ನಗದು ಪಡೆಯಬಹುದು, ಶುಲ್ಕ ಶೇಕಡಾ ಒಂದನ್ನು ಮೀರಬಾರದು, ಸಾಮಾನು ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ, ಸಾಮಾನಿನ ಜೊತೆ ನಗದನ್ನೂ ಪಡೆದರೆ ರಸೀದಿಯಲ್ಲಿ ನಗದಿನ ಮೊತ್ತ ಬೇರೆಯಾಗಿ ಕಾಣಬೇಕು, ಕ್ರೆಡಿಟ್ ಕಾರ್ಡ್ ಮಾತ್ರ ಸಲ್ಲದು.

ರಸೀದಿಯಲ್ಲಿ ನಗದು ಬೇರೆಯಾಗಿ ಕಾಣಬೇಕು ಎಂಬ ಷರತ್ತು ಸಣ್ಣದೆನಿಸಬಹುದು. ಇಡೀ ವಿಷಯದ ಕೀಲಿ ಇರುವುದು ಅಲ್ಲೇ. ಕಾನೂನುಬದ್ಧ ದಾರಿಯಲ್ಲಿ ಕಾಗದದ ಮೇಲೆ ಇರುವುದೂ ನಡೆದದ್ದೂ ಒಂದೇ ಆಗಿರುತ್ತದೆ. ಕ್ರೆಡಿಟ್ ಕಾರ್ಡ್ ಉಜ್ಜಿ ನಗದು ಕೊಟ್ಟಾಗ ಹಾಗಲ್ಲ. 50,000 ರೂಪಾಯಿ ಬೇಕಾದವರು ಅಂಗಡಿಗೆ ಬರುತ್ತಾರೆ. ಅಂಗಡಿಯವರು ಯಂತ್ರದಲ್ಲಿ 50,000 ಒತ್ತುತ್ತಾರೆ, ಕಾರ್ಡ್ ತೂರಿಸುತ್ತಾರೆ, ಗಿರಾಕಿ ಪಿನ್ ಹಾಕುತ್ತಾರೆ. ಕಿರ್ರೆಂದು ಹೊರಬರುವ ಚೀಟಿಯ ತಲೆಯಲ್ಲಿ ಅಂಗಡಿಯ ಹೆಸರು, ಅದರ ಕೆಳಗೆ ಟರ್ಮಿನಲ್ ಸಂಖ್ಯೆ, ನಡುವೆ ‘ಸೇಲ್’ ಎಂಬ ಅಚ್ಚು, ಆಮೇಲೆ ಮೊತ್ತ. ಗಲ್ಲಾದಿಂದ 48,500 ಎಣಿಸಿ ಕೊಡುತ್ತಾರೆ, 1,500 ಹಿಡಿದುಕೊಳ್ಳುತ್ತಾರೆ. ಮಾರಾಟವೇ ಆಗದ ಮಾಲಿಗೆ ಮಾರಾಟದ ಚೀಟಿ ಹುಟ್ಟಿತು. ಗಿರಾಕಿ ಕೈಯಲ್ಲಿ ನಗದು ಪಡೆದದ್ದಕ್ಕೆ ಯಾವ ದಾಖಲೆಯೂ ಇಲ್ಲ, ಅಂಗಡಿಯವರ ಕೈಯಲ್ಲಿ ನಗದು ಕೊಟ್ಟದ್ದಕ್ಕೂ ಇಲ್ಲ. ಇಬ್ಬರ ಬಳಿಯೂ ಇರುವುದು ಒಂದೇ ಸುಳ್ಳು ಚೀಟಿ.

ಜನ ಯಾಕೆ ಹೀಗೆ ಮಾಡುತ್ತಾರೆ ಎಂಬುದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಅವರನ್ನು ದುಂದುಗಾರರೆಂದು ಬೈದು ಮುಗಿಸುವುದು ಅನ್ಯಾಯ. ಕ್ರೆಡಿಟ್ ಕಾರ್ಡಿನಲ್ಲಿ ನಗದು ಪಡೆಯುವ ಅಧಿಕೃತ ದಾರಿ ಎಟಿಎಂ. ಅಲ್ಲಿ ಬ್ಯಾಂಕುಗಳು ಸಾಮಾನ್ಯವಾಗಿ ಶೇ 2.5ರಷ್ಟು ಮುಂಗಡ ಶುಲ್ಕ ಹಾಕುತ್ತವೆ. ತಿಂಗಳಿಗೆ ಶೇ 3.75ರವರೆಗೆ ಬಡ್ಡಿ ಇರುತ್ತದೆ, ಅದೂ ಹಣ ತೆಗೆದ ದಿನದಿಂದಲೇ. ಸಾಮಾನು ಕೊಂಡಾಗ ಸಿಗುವ ನಲವತ್ತೈದು, ಐವತ್ತು ದಿನಗಳ ಬಡ್ಡಿರಹಿತ ಅವಧಿ ನಗದಿಗೆ ಇಲ್ಲ. 50,000 ತೆಗೆದು ಒಂದು ತಿಂಗಳಲ್ಲಿ ತೀರಿಸಿದರೂ 1,250 ಶುಲ್ಕ, 1,875 ಬಡ್ಡಿ, ಎರಡರ ಮೇಲೂ ಶೇ 18 ಜಿಎಸ್‌ಟಿ. ಒಟ್ಟು 3,687 ರೂಪಾಯಿ ದಾಟುತ್ತದೆ. ಅಂಗಡಿಯಲ್ಲಿ ಅದೇ ಹಣಕ್ಕೆ 1,500. ಸಾಲದ್ದಕ್ಕೆ ಕಾರ್ಡಿನ ಪೂರ್ತಿ ಮಿತಿ ನಗದಿಗೆ ಸಿಗುವುದಿಲ್ಲ, ಅದರ ಒಂದು ಭಾಗ ಮಾತ್ರ ಸಿಗುತ್ತದೆ. ಆಸ್ಪತ್ರೆಯಲ್ಲಿ ಸಂಜೆಯೊಳಗೆ ಮುಂಗಡ ಕಟ್ಟಿ ಎಂದಾಗ, ಮನೆ ಬದಲಿಸುವಾಗ ಹೊಸ ಮಾಲೀಕರು ಅಡ್ವಾನ್ಸ್ ಹಣವನ್ನು ನಗದಾಗಿಯೇ ಕೇಳಿದಾಗ, ಚೀಟಿ ಫಂಡಿನ ಕಂತು ತಪ್ಪುವಂತಾದಾಗ, ಕೈಯಲ್ಲಿ ಎರಡು ಲಕ್ಷ ಮಿತಿಯ ಕಾರ್ಡ್ ಇದ್ದೂ ನಗದು ಇಲ್ಲದ ಮನುಷ್ಯ ಅಗ್ಗದ ದಾರಿ ಹುಡುಕುವುದು ಸಹಜ. ದೇಶದಲ್ಲಿ ಚಲಾವಣೆಯಲ್ಲಿರುವ ಕ್ರೆಡಿಟ್ ಕಾರ್ಡ್‌ಗಳ ಸಂಖ್ಯೆ 2024ರ ಆರಂಭದಲ್ಲೇ ಹತ್ತು ಕೋಟಿ ದಾಟಿದೆ. ಇಂಥ ಇಕ್ಕಟ್ಟಿನ ಸಂಜೆಗಳು ಅಷ್ಟೂ ಮನೆಗಳಿಗೆ ಎಂದಾದರೊಂದು ದಿನ ಬರುವಂಥವೇ.

ಆದರೆ ಆ 1,500 ರೂಪಾಯಿಯ ಲೆಕ್ಕ ನಿಜವಾಗಬೇಕಾದರೆ ಬಿಲ್ಲು ಬಂದಾಗ ಪೂರ್ತಿ 50,000 ಕಟ್ಟಬೇಕು. ನಗದಿಲ್ಲದೆ ಕಾರ್ಡ್ ಉಜ್ಜಿದವರ ಕೈಗೆ ಮುಂದಿನ ತಿಂಗಳು ಅಷ್ಟು ಹಣ ಎಲ್ಲಿಂದ ಬರಬೇಕು? ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿ ಅಳಿಸಿಹೋಗಿ ಉಜ್ಜಿದ ದಿನದಿಂದಲೇ ಬಡ್ಡಿ ಬೀಳುತ್ತದೆ. ಜಿಎಸ್‌ಟಿ ಸೇರಿ ತಿಂಗಳಿಗೆ 2,212 ರೂಪಾಯಿ. ‘ಕನಿಷ್ಠ ಮೊತ್ತ’ವೆಂದು 2,500 ಕಟ್ಟಿದವರ ಅಸಲಿನಲ್ಲಿ ಕರಗುವುದು 288 ರೂಪಾಯಿ ಮಾತ್ರ. ವರ್ಷಕ್ಕೆ ಶೇ 45ರ ಈ ಬಡ್ಡಿಗೆ ಕಾನೂನಿನ ಮೇಲ್ಮಿತಿಯೂ ಇಲ್ಲ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು.

ಇಲ್ಲಿಂದ ಹುಟ್ಟುವುದು ಇನ್ನೂ ಅಪಾಯದ ಕಸುಬು. ಕಾರ್ಡಿನ ಬಾಕಿ ಕಟ್ಟುವ ಕೊನೆಯ ದಿನ ಏಜೆಂಟರೊಬ್ಬರು ತಮ್ಮ ಹಣದಿಂದ 50,000 ಕಟ್ಟುತ್ತಾರೆ. ಮಿತಿ ಮತ್ತೆ ತೆರೆದುಕೊಂಡ ಕೂಡಲೇ ತಮ್ಮ ಬಳಿಯ ಯಂತ್ರದಲ್ಲಿ ಅದೇ ಕಾರ್ಡ್ ಉಜ್ಜಿ 51,500 ಎಳೆದುಕೊಳ್ಳುತ್ತಾರೆ. ಮುಂದಿನ ತಿಂಗಳೂ ಹೀಗೆಯೇ. ಪ್ರತಿ ತಿಂಗಳು ಕಮಿಷನ್ನಿನ 1,500 ರೂಪಾಯಿಯನ್ನು ಕೈಯಿಂದ ಕೊಟ್ಟರೂ ವರ್ಷದ ಕೊನೆಗೆ 18,000 ಹೋಗಿರುತ್ತದೆ, 50,000 ಅಸಲು ಮಾತ್ರ ಹಾಗೆಯೇ ನಿಂತಿರುತ್ತದೆ. ಅದೇ ಮೊತ್ತವನ್ನು ಶೇ 16ರ ವೈಯಕ್ತಿಕ ಸಾಲವಾಗಿ ಪಡೆದು ಹನ್ನೆರಡು ಕಂತಿನಲ್ಲಿ ತೀರಿಸಿದ್ದರೆ ಒಟ್ಟು ಬಡ್ಡಿ 4,400ರ ಆಸುಪಾಸು. ಈ ತಿರುಗಾಟದಲ್ಲಿ ಕಾರ್ಡ್, ಪಿನ್, ಒಟಿಪಿ ಎಲ್ಲವೂ ಏಜೆಂಟರ ಕೈಗೆ ಹೋಗುತ್ತವೆ. ಬ್ಯಾಂಕಿನ ಕಣ್ಣಿಗೆ ಮಾತ್ರ ಆ ಗ್ರಾಹಕ ಪ್ರತಿ ತಿಂಗಳು ತಪ್ಪದೆ ಪೂರ್ತಿ ಬಾಕಿ ತೀರಿಸುವ ಒಳ್ಳೆಯ ಗ್ರಾಹಕ. ಮಿತಿ ಹೆಚ್ಚಿಸುತ್ತೇವೆ ಎಂಬ ಸಂದೇಶವೂ ಬರುತ್ತದೆ. ಮುಳುಗುತ್ತಿರುವವರು ದಾಖಲೆಯಲ್ಲಿ ಈಜುತ್ತಿರುವಂತೆ ಕಾಣುವುದೇ ಇದರ ಭಯಾನಕ ಮುಖ.

ಈಗ ಅಂಗಡಿಯ ಗಲ್ಲಾದ ಆಚೆ ಬದಿಗೆ ಹೋಗೋಣ. ಅಂಗಡಿಯವರು ಕುಳಿತಲ್ಲೇ 1,500 ಸಂಪಾದಿಸುತ್ತಾರೆ ಎಂದು ಗಿರಾಕಿ ಅಂದುಕೊಳ್ಳುತ್ತಾರೆ. ಕ್ರೆಡಿಟ್ ಕಾರ್ಡ್ ವ್ಯವಹಾರಕ್ಕೆ ಬ್ಯಾಂಕ್ ಅಂಗಡಿಯವರಿಂದ ಎಂಡಿಆರ್ ಎಂಬ ಶುಲ್ಕ ಮುರಿದುಕೊಳ್ಳುತ್ತದೆ. ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐಗೆ 2020ರ ಜನವರಿಯಿಂದ ಈ ಶುಲ್ಕ ಸೊನ್ನೆ. ಇತರ ಡೆಬಿಟ್ ಕಾರ್ಡ್‌ಗಳಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. ಕ್ರೆಡಿಟ್ ಕಾರ್ಡಿಗೆ ಅಂಥ ಮಿತಿಯಿಲ್ಲ. ಶೇಕಡಾ ಎರಡು ಎಂದೇ ಹಿಡಿಯಿರಿ. 50,000ಕ್ಕೆ ಸಾವಿರ, ಅದರ ಮೇಲೆ ಜಿಎಸ್‌ಟಿ 180. ಅಂಗಡಿಯವರಿಗೆ ಉಳಿಯುವುದು 320 ರೂಪಾಯಿ. ನೂರಕ್ಕೆ ಎರಡೂವರೆಯಂತೆ ಕೊಟ್ಟಿದ್ದರೆ ಉಳಿಯುವುದು ಎಪ್ಪತ್ತು! ಈ ಮುನ್ನೂರು ಚಿಲ್ಲರೆಗಾಗಿ ಅವರು ಗಲ್ಲಾದ ನಗದನ್ನು ಇಂದೇ ಖಾಲಿ ಮಾಡಿ, ಬ್ಯಾಂಕಿನಿಂದ ಬರುವ ಹಣಕ್ಕೆ ನಾಳೆ, ನಡುವೆ ರಜೆ ಬಂದರೆ ನಾಡಿದ್ದರವರೆಗೆ ಕಾಯುತ್ತಾರೆ.

ಹಾಗಿದ್ದೂ ಒಪ್ಪುವುದೇಕೆ? ಒಂದು, ಪರಿಚಯದ ಮುಲಾಜು. ‘ಅಣ್ಣಾ, ಎರಡೇ ದಿನದ ಮಟ್ಟಿಗೆ’ ಎಂದು ದಿನವೂ ಬರುವ ಗಿರಾಕಿ ಕೇಳಿದರೆ ಇಲ್ಲ ಎನ್ನಲಾಗುವುದಿಲ್ಲ. ಇನ್ನೊಂದು ಕಾರಣ ಆಳದ್ದು. ಬಿಲ್ಲಿಲ್ಲದೆ ನಗದಿಗೆ ಮಾರಿದ ಮಾಲಿನ ಹಣ ಗಲ್ಲಾದಲ್ಲಿ ಕುಳಿತಿರುತ್ತದೆ. ಅದನ್ನು ಕಾರ್ಡ್ ತಂದವರಿಗೆ ಕೊಟ್ಟು, ಅವರ ಚೀಟಿಯನ್ನೇ ಆ ಮಾರಾಟದ ಲೆಕ್ಕಕ್ಕೆ ಹಚ್ಚಿದರೆ ಪುಸ್ತಕ ಸರಿಹೊಂದುತ್ತದೆ, ನಗದು ಬ್ಯಾಂಕಿನ ಹಣವಾಗುತ್ತದೆ, ಜಮೆ ಮಾಡಲು ಸಾಲಿನಲ್ಲಿ ನಿಲ್ಲುವ ಕೆಲಸವೂ ತಪ್ಪುತ್ತದೆ. ಹೀಗೆ ಹೊಂದಿಸುವಷ್ಟು ನಗದು ವ್ಯಾಪಾರ ಇಲ್ಲದ ಅಂಗಡಿಗಳೇ ಸಿಕ್ಕಿಬೀಳುವುದು.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದನ್ನು ಯಂತ್ರ ಕೊಡುವಾಗ ಯಾರೂ ಬಿಡಿಸಿ ಹೇಳುವುದಿಲ್ಲ. ನಲವತ್ತು ಪುಟದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಹೋಗಿಬಿಡುತ್ತಾರೆ. ಬ್ಯಾಂಕಿನ ಗಣಕಗಳು ಕೆಲವು ಗುರುತುಗಳನ್ನು ಹುಡುಕುತ್ತಲೇ ಇರುತ್ತವೆ: ದುಂಡುಮೊತ್ತದ ವ್ಯವಹಾರ, ಒಂದೇ ಕಾರ್ಡಿನ ಪೂರ್ತಿ ಮಿತಿ ಒಂದೇ ಬಾರಿಗೆ ಖಾಲಿಯಾಗುವುದು, ಬಾಕಿ ಕಟ್ಟಿದ ಗಂಟೆಯೊಳಗೆ ಅದೇ ಮೊತ್ತ ಮತ್ತೆ ಏಳುವುದು, ಸಣ್ಣ ಸ್ಟೇಷನರಿ ಅಂಗಡಿಯಲ್ಲಿ ರಾತ್ರಿ ಹತ್ತಕ್ಕೆ 80,000ದ ಮಾರಾಟ. ಅನುಮಾನ ಬಂದರೆ ಬ್ಯಾಂಕ್ ಹಣ ತಡೆಹಿಡಿಯಬಹುದು, ಯಂತ್ರ ಕಿತ್ತುಕೊಳ್ಳಬಹುದು, ಅಂಗಡಿಯ ಹೆಸರನ್ನು ಕಾರ್ಡ್ ಜಾಲಗಳ ಕಪ್ಪುಪಟ್ಟಿಗೆ ಸೇರಿಸಬಹುದು. ಆಮೇಲೆ ಬೇರೆ ಬ್ಯಾಂಕಿನ ಯಂತ್ರ ಸಿಗುವುದೂ ಕಷ್ಟ. ಗಿರಾಕಿಯ ಕಾರ್ಡನ್ನೂ ನಿಲ್ಲಿಸುತ್ತಾರೆ. ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ನಗದು ಪಡೆದ ಅದೇ ಗಿರಾಕಿ ‘ಹಣ ಹೋಯಿತು, ಸಾಮಾನು ಬಂದಿಲ್ಲ’ ಎಂದು ಬ್ಯಾಂಕಿಗೆ ದೂರು ಕೊಟ್ಟರೆ ಮಾಲು ಕೊಟ್ಟದ್ದಕ್ಕೆ ಪುರಾವೆ ತನ್ನಿ ಎಂದು ಅಂಗಡಿಯವರನ್ನು ಕೇಳುತ್ತಾರೆ. ಮಾಲೇ ಕೊಡದವರು ಏನು ತೋರಿಸಬೇಕು? ಬ್ಯಾಂಕ್ 50,000 ಹಿಂದಕ್ಕೆ ಎಳೆದುಕೊಂಡರೆ ಕೈಯಿಂದ ಕೊಟ್ಟ 48,500 ಮುಳುಗಿದಂತೆಯೇ.

ತೆರಿಗೆಯ ಪ್ರಶ್ನೆ ಕರ್ನಾಟಕದ ಅಂಗಡಿಯವರಿಗೆ ಬಿಸಿಯಾಗಿಯೇ ಮುಟ್ಟಿದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕಿನ ವ್ಯಾಪಾರದಲ್ಲಿ ವರ್ಷಕ್ಕೆ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬ ನಿಯಮ ಅದರ ಬುಡ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಆಗ ಹಲವರು ಹೇಳಿಕೊಂಡ ಸಂಕಟವೆಂದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರವಲ್ಲ, ಕೈಸಾಲ, ಮನೆಯವರ ಹಣ ಎಲ್ಲವೂ ಅದರಲ್ಲಿದೆ ಎಂಬುದು. ‘ಐನೂರು ಫೋನ್‌ಪೇ ಮಾಡುತ್ತೇನೆ, ನಗದು ಕೊಡಿ’ ಎಂಬ ದಿನನಿತ್ಯದ ಉಪಕಾರವೂ ಖಾತೆಯಲ್ಲಿ ವ್ಯಾಪಾರವಾಗಿಯೇ ಕಾಣುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಇದು ಇನ್ನೂ ಬಿಗಿ. ಚೀಟಿಯಲ್ಲಿ ‘ಸೇಲ್’ ಎಂದೇ ಇರುವುದರಿಂದ ವ್ಯಾಪಾರವಲ್ಲ ಎಂದು ವಾದಿಸುವ ಬಾಯಿಯೇ ಕಟ್ಟಿರುತ್ತದೆ. ವಾರಕ್ಕೆ ಎರಡು ಬಾರಿ 50,000 ಉಜ್ಜಿದರೆ ವರ್ಷಕ್ಕೆ 52 ಲಕ್ಷ. ಒಂದು ಗ್ರಾಂ ಸರಕೂ ಕದಲದೆ ನೋಂದಣಿಯ ಮಿತಿ ದಾಟಿಹೋಯಿತು. ಸರಕು ಕೊಡದೆ ಬಿಲ್ಲು ಬರೆದರೆ ಜಿಎಸ್‌ಟಿ ಕಾನೂನಿನಲ್ಲಿ ಅದೇ ಒಂದು ಅಪರಾಧ. ಬಿಲ್ಲು ಬರೆಯದಿದ್ದರೆ ಬ್ಯಾಂಕಿನ ದಾಖಲೆಯಲ್ಲಿರುವ ಮಾರಾಟ ಎಲ್ಲಿ ಎಂಬ ಪ್ರಶ್ನೆ.

ಗಿರಾಕಿಯ ಹೆಸರೂ ತೆರಿಗೆಯವರ ಕಣ್ಣಿಂದ ತಪ್ಪುವುದಿಲ್ಲ. ಒಂದು ಆರ್ಥಿಕ ವರ್ಷದಲ್ಲಿ ಕ್ರೆಡಿಟ್ ಕಾರ್ಡ್ ಬಾಕಿಗೆ 10 ಲಕ್ಷ ಅಥವಾ ಹೆಚ್ಚು ಕಟ್ಟಿದರೆ, ಅಥವಾ ಒಂದು ಲಕ್ಷ ಅಥವಾ ಹೆಚ್ಚನ್ನು ನಗದಾಗಿ ಕಟ್ಟಿದರೆ, ಕಾರ್ಡ್ ಕೊಟ್ಟ ಸಂಸ್ಥೆ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಬೇಕು. ಒಂದೇ ಲಕ್ಷವನ್ನು ತಿಂಗಳು ತಿಂಗಳು ತಿರುಗಿಸಿದವರ ಲೆಕ್ಕದಲ್ಲಿ ವರ್ಷಕ್ಕೆ 12 ಲಕ್ಷದ ಖರ್ಚು ಕಾಣುತ್ತದೆ.

ನಿಯಂತ್ರಕರು ಸುಮ್ಮನೆ ಕುಳಿತಿಲ್ಲ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಬ್ಯಾಂಕುಗಳು ಲೆಕ್ಕಹಾಕಬೇಕಾದ ಅಪಾಯದ ತೂಕವನ್ನು (ಸಾಲದೆದುರು ಬ್ಯಾಂಕ್ ಎತ್ತಿಡಬೇಕಾದ ಬಂಡವಾಳದ ಅಳತೆ) ಶೇ 125ರಿಂದ 150ಕ್ಕೆ ಏರಿಸಿತು. ಮನೆ ಬಾಡಿಗೆಯ ನೆಪದಲ್ಲಿ ಸ್ನೇಹಿತರ ಖಾತೆಗೆ ಕಾರ್ಡಿನಿಂದ ಹಣ ಕಳಿಸಿ ವಾಪಸ್ ಪಡೆಯುವ ಆನ್‌ಲೈನ್ ದಾರಿ ಬಹಳ ದಿನ ತೆರೆದಿತ್ತು. 2025ರ ಸೆಪ್ಟೆಂಬರ್ 15ರ ಪೇಮೆಂಟ್ ಅಗ್ರಿಗೇಟರ್ (ವ್ಯಾಪಾರಿಗಳ ಪರವಾಗಿ ಗ್ರಾಹಕರ ಪಾವತಿ ಪಡೆದು ತಲುಪಿಸುವ ಸಂಸ್ಥೆ) ನಿಯಮಗಳ ನಂತರ ಹಲವು ಆ್ಯಪ್‌ಗಳು ಕಾರ್ಡ್ ಮೂಲಕ ಬಾಡಿಗೆ ಕಟ್ಟುವ ಸೇವೆಯನ್ನೇ ನಿಲ್ಲಿಸಿದವು. ನೋಂದಾಯಿತ ವ್ಯಾಪಾರಿಯಲ್ಲದವರಿಗೆ ಹೀಗೆ ಹಣ ಕಳಿಸಲು ಎಡೆಯಿಲ್ಲ ಎಂಬುದು ಕಾರಣ. ಆದರೆ ನಗದಿನ ಅಗತ್ಯ ಆ ನಿಯಮದಿಂದ ಕರಗಿಹೋಗುವುದಿಲ್ಲ. ಆ್ಯಪ್‌ನಲ್ಲಿ ಮುಚ್ಚಿದ ಬಾಗಿಲಿನ ಜನ ಅಂಗಡಿಯ ಬಾಗಿಲಿಗೆ ಬರುತ್ತಾರೆ ಎಂಬುದು ನನ್ನ ಆತಂಕ.

ಹೊರದೇಶಗಳು ಇದನ್ನು ಬೇರೆ ಬೇರೆಯಾಗಿ ನಿಭಾಯಿಸಿವೆ. ಅಮೆರಿಕದಲ್ಲಿರುವ ನಮ್ಮವರಿಗೆ ಸೂಪರ್ ಮಾರ್ಕೆಟ್‌ನಲ್ಲಿ ಡೆಬಿಟ್ ಕಾರ್ಡ್ ಕೊಟ್ಟಾಗ ‘ನಗದು ಬೇಕೆ’ ಎಂದು ಯಂತ್ರವೇ ಕೇಳುವುದು ಮಾಮೂಲು. ಅಲ್ಲಿ ಡಿಸ್ಕವರ್ ಕಂಪನಿಯ ಕ್ರೆಡಿಟ್ ಕಾರ್ಡ್‌ನಲ್ಲೂ ಸಾಮಾನಿನ ಜೊತೆ 120 ಡಾಲರ್‌ವರೆಗೆ ನಗದು ಪಡೆಯಬಹುದು. ಅದನ್ನು ಮುಂಗಡವೆಂದು ಗಣಿಸದೆ ಖರೀದಿಯ ಲೆಕ್ಕಕ್ಕೇ ಸೇರಿಸುತ್ತಾರೆ. ಬ್ರಿಟನ್ 2021ರ ಕಾನೂನಿನ ಮೂಲಕ, ಏನೂ ಕೊಳ್ಳದೆಯೂ ಅಂಗಡಿಯಿಂದ ನಗದು ಪಡೆಯಲು ದಾರಿ ಮಾಡಿತು. ಬ್ಯಾಂಕ್ ಶಾಖೆ ಮುಚ್ಚಿದ ಹಳ್ಳಿಗಳಿಗೆ ಅದು ಅನುಕೂಲವಾಯಿತು. ಚೀನಾ ಇನ್ನೊಂದು ತುದಿ: ಸುಳ್ಳು ವ್ಯವಹಾರ ತೋರಿಸಿ ಕ್ರೆಡಿಟ್ ಕಾರ್ಡ್ ಹಣವನ್ನು ನಗದು ಮಾಡಿಕೊಡುವುದು ದೊಡ್ಡ ಮೊತ್ತದಲ್ಲಾದರೆ ಕ್ರಿಮಿನಲ್ ಅಪರಾಧವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಸ್ಪಷ್ಟಪಡಿಸಿತು. ಎಲ್ಲಕ್ಕಿಂತ ಕಲಿಯಬೇಕಾದದ್ದು ದಕ್ಷಿಣ ಕೊರಿಯಾದಿಂದ. 1999ರಲ್ಲಿ ಅಲ್ಲಿನ ಸರ್ಕಾರ ಕಾರ್ಡ್ ಬಳಕೆಗೆ ತೆರಿಗೆ ರಿಯಾಯಿತಿ ಕೊಟ್ಟಿತು, ನಗದು ಮುಂಗಡದ ಮಿತಿಯನ್ನೂ ತೆಗೆದುಹಾಕಿತು. ಜನ ಒಂದು ಕಾರ್ಡಿನ ಬಾಕಿಯನ್ನು ಇನ್ನೊಂದರ ನಗದಿನಿಂದ ತೀರಿಸತೊಡಗಿದರು. 2003ರಲ್ಲಿ ದೇಶದ ಅತಿ ದೊಡ್ಡ ಕಾರ್ಡ್ ಕಂಪನಿಯಾಗಿದ್ದ ಎಲ್‌ಜಿ ಕಾರ್ಡ್ ಕುಸಿಯುವ ಹಂತಕ್ಕೆ ಬಂತು, ಸಾಲ ಕೊಟ್ಟ ಬ್ಯಾಂಕುಗಳೇ ಸೇರಿ ಅದನ್ನು ಎತ್ತಿ ನಿಲ್ಲಿಸಬೇಕಾಯಿತು. ಕ್ರೆಡಿಟ್ ಕಾರ್ಡಿನ ನಗದನ್ನು ಪೂರ್ತಿ ಬಿಟ್ಟುಬಿಡಿ ಎಂದು ವಾದಿಸುವವರು ಈ ಕಥೆಯನ್ನು ಮರೆಯಬಾರದು.

ಹಾಗಾಗಿ ನಮ್ಮ ನಿಷೇಧ ತಪ್ಪೆಂದು ನಾನು ಹೇಳುವುದಿಲ್ಲ. ನಿಷೇಧದ ಪಕ್ಕದಲ್ಲಿ ಇರಬೇಕಾದ ಸರಳ ದಾರಿ ಹಾಳುಬಿದ್ದಿದೆ ಎಂಬುದೇ ನನ್ನ ದೂರು. ಡೆಬಿಟ್ ಕಾರ್ಡಿನ ನಗದು ಸೌಲಭ್ಯ ಕೊಡಲು ಬ್ಯಾಂಕ್ ಅಂಗಡಿಯನ್ನು ಪರಿಶೀಲಿಸಿ ಆರಿಸಬೇಕು. ಆರಿಸಿದ ಅಂಗಡಿ ಸೌಲಭ್ಯವನ್ನೂ ಶುಲ್ಕವನ್ನೂ ಬರೆದು ತೂಗುಹಾಕಬೇಕು. ಅಂಥ ಫಲಕ ಎಷ್ಟು ಜನ ಕಂಡಿದ್ದೀರಿ? ಬೇರೆ ಬ್ಯಾಂಕಿನ ಎಟಿಎಂನಲ್ಲಿ ಉಚಿತ ಮಿತಿ ಮುಗಿದ ಮೇಲೆ 2025ರ ಮೇ 1ರಿಂದ ಪ್ರತಿ ಬಾರಿ 23 ರೂಪಾಯಿವರೆಗೆ ಶುಲ್ಕ ಮತ್ತು ತೆರಿಗೆ ಬೀಳುತ್ತದೆ. ಶೃಂಗೇರಿಯಂಥ ಊರಿನ ದಿನಸಿ ಅಂಗಡಿಯಲ್ಲಿ 2,000 ಪಡೆದರೆ ಶುಲ್ಕ ಹೆಚ್ಚೆಂದರೆ 20. ಅಂಗಡಿಯವರಿಗೆ ಗಲ್ಲಾದ ನಗದು ಕರಗಿ ಜಮೆಯ ಓಡಾಟ ಇಲ್ಲವಾಗುತ್ತದೆ, ಊರಿನವರಿಗೆ ಎಟಿಎಂ ಹುಡುಕುವ ಕೆಲಸ ತಪ್ಪುತ್ತದೆ. ಈ ಹಣ ಮಾರಾಟದ ಲೆಕ್ಕಕ್ಕೆ ಸೇರದೆ ಬೇರೆಯಾಗಿ ದಾಖಲಾಗುವುದರಿಂದ ನೋಟಿಸಿನ ಭಯವೂ ಇರುವುದಿಲ್ಲ. ಫೋನ್‌ಪೇ ಮಾಡಿ ನಗದು ಕೇಳುವ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಬದಲಿ ಇಲ್ಲ. 2009ರಲ್ಲಿ ನಿಗದಿಯಾದ ಸಾವಿರ ರೂಪಾಯಿಯ ಮಿತಿ ದೊಡ್ಡ ಊರುಗಳಲ್ಲಿ ಇಂದಿಗೂ ಹಾಗೆಯೇ ನಿಂತಿರುವುದಕ್ಕೆ ಸಮರ್ಥನೆ ಕಾಣುತ್ತಿಲ್ಲ. ಬೆಲೆಗಳು ಎಷ್ಟು ಏರಿವೆ ಎಂಬುದನ್ನಾದರೂ ನೋಡಿ ಅದನ್ನು ಪರಿಷ್ಕರಿಸಬೇಕು. ಕ್ರೆಡಿಟ್ ಕಾರ್ಡಿನ ನಗದು ಮುಂಗಡಕ್ಕೆ ಶುಲ್ಕವನ್ನೂ ಮೊದಲ ದಿನದ ಬಡ್ಡಿಯನ್ನೂ ಒಟ್ಟಿಗೆ ಹಾಕುವ ಪದ್ಧತಿಯನ್ನೂ ರಿಸರ್ವ್ ಬ್ಯಾಂಕ್ ಪ್ರಶ್ನಿಸಬೇಕು. ಅಧಿಕೃತ ದಾರಿ 3,687 ರೂಪಾಯಿಯದ್ದಾಗಿದ್ದು ಕಳ್ಳದಾರಿ 1,500ರದ್ದಾಗಿರುವ ತನಕ ಸುತ್ತೋಲೆಗಳು ಗೆಲ್ಲುವುದು ಕಷ್ಟ.

ಈಗಾಗಲೇ ತಿಂಗಳು ತಿಂಗಳು ಕಾರ್ಡ್ ತಿರುಗಿಸುತ್ತಿರುವವರು ಮೊದಲು ಮಾಡಬೇಕಾದದ್ದು ಏಜೆಂಟರ ಬಳಿ ಇರುವ ಕಾರ್ಡ್ ವಾಪಸ್ ಪಡೆದು ಪಿನ್ ಬದಲಿಸುವುದು. ಆಮೇಲೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಕರೆ ಮಾಡಿ ಬಾಕಿಯನ್ನು ಕಂತುಗಳಾಗಿ ಬದಲಿಸಲು ಕೇಳಿ. ಆ ಬಡ್ಡಿ ಶೇ 45ರ ಅರ್ಧಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಮನೆಯಲ್ಲಿ ಸ್ವಲ್ಪ ಚಿನ್ನವಿದ್ದರೆ ಬ್ಯಾಂಕ್ ಅಥವಾ ಸಹಕಾರ ಸಂಘದ ಚಿನ್ನದ ಸಾಲ ಅದಕ್ಕಿಂತಲೂ ಅಗ್ಗ. ಅಡವಿಡುವುದು ಅವಮಾನವೆಂದು ತಿಂಗಳಿಗೆ 1,500 ಸುರಿಯುವುದರಲ್ಲಿ ಅರ್ಥವಿಲ್ಲ. ಬ್ಯಾಂಕ್ ತಪ್ಪು ಶುಲ್ಕ ಹಾಕಿದ್ದರೆ ಅಥವಾ ವಸೂಲಿಗಾರರು ಕಿರುಕುಳ ಕೊಡುತ್ತಿದ್ದರೆ ಮೊದಲು ಬ್ಯಾಂಕಿಗೇ ಬರಹದಲ್ಲಿ ದೂರು ಕೊಡಿ. ಮೂವತ್ತು ದಿನಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ತೃಪ್ತಿ ಕೊಡದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.